ಟೊಮೆಟೊ ಗಿಡದ ಸ್ವಂತ ರಕ್ಷಣೆಯನ್ನು ಎಬ್ಬಿಸುವ ಸಿಂಪಡಣೆ: ಚುಕ್ಕೆ ರೋಗಕ್ಕೆ ಸರಿ, ಸೊರಗು ರೋಗಕ್ಕೆ ಸಾಲದು

ಪ್ರಶ್ನೆ: ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಎರಡು ಎಕರೆ ಟೊಮೆಟೊ ಇಟ್ಟಿದ್ದೇನೆ. ನಾಟಿ ಮಾಡಿ 45 ದಿನ ಆಯಿತು. ಡ್ರಿಪ್ ಇದೆ, ಮಲ್ಚಿಂಗ್ ಶೀಟ್ ಹಾಕಿ ಕಡ್ಡಿ ಕಟ್ಟಿದ್ದೇನೆ. ಹೋದ ವಾರ ಮಳೆ ಬಂದಮೇಲೆ ಎಲೆಗಳ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆ, ಸುತ್ತ ಹಳದಿ. ಕೆಲವು ಕಾಯಿಗಳ ಮೇಲೂ ಕಜ್ಜಿಯ ಹಾಗೆ ಒರಟು ಗುರುತು. ಹೊಲದ ತಗ್ಗಿನ ಮೂಲೆಯಲ್ಲಿ ಮೂವತ್ತು ಗಿಡ ಹಸಿರಾಗಿದ್ದ ಹಾಗೇ ಬಾಡಿ ನಿಂತಿವೆ. ಸ್ಟ್ರೆಪ್ಟೋಸೈಕ್ಲಿನ್ ಮತ್ತು ಕಾಪರ್ ಆಕ್ಸಿಕ್ಲೋರೈಡ್ ಸೇರಿಸಿ ಮೂರು ಸಲ ಹೊಡೆದೆ, ನಿಲ್ಲಲಿಲ್ಲ. ಔಷಧ ಅಂಗಡಿಯವರು ಗಿಡದ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದು ಲೀಟರಿಗೆ 1,800 ರೂಪಾಯಿಯ ಬಾಟಲಿ ತೋರಿಸಿ, ಇದು ಲಸಿಕೆ ಇದ್ದ ಹಾಗೆ, ಎರಡು ಸಲ ಹೊಡೆದರೆ ಸಾಕು ಅನ್ನುತ್ತಾರೆ. ಪಕ್ಕದ ಹೊಲದವರು ಆಸ್ಪಿರಿನ್ ಮಾತ್ರೆ ಕರಗಿಸಿ ಹೊಡೆಯಲು ಹೇಳುತ್ತಾರೆ. ಇದರಲ್ಲಿ ನಿಜವೆಷ್ಟು? ಈ ಬೆಳೆಗೆ ಏನು ಮಾಡಲಿ, ಮುಂದಿನ ಬೆಳೆಗೆ ಏನು ಮಾಡಲಿ?

ಉತ್ತರ: ಔಷಧಕ್ಕೆ ಹಣ ಹಾಕಿಯೂ ರೋಗ ನಿಲ್ಲದಿದ್ದಾಗ ಹೊಸದೇನಾದರೂ ಹೊಡೆಯೋಣ ಅನ್ನಿಸುವುದು ಸಹಜ. ಆದರೆ ನಿಮ್ಮ ವಿವರ ಓದಿದರೆ ಹೊಲದಲ್ಲಿರುವುದು ಒಂದು ರೋಗವಲ್ಲ, ಎರಡು. ಎರಡೂ ದುಂಡಾಣುವಿನಿಂದಲೇ (ಬ್ಯಾಕ್ಟೀರಿಯಾ) ಬರುತ್ತವೆ. ಆದರೆ ದುಂಡಾಣು ಬೇರೆ ಬೇರೆ, ಅದು ಗಿಡದಲ್ಲಿ ಕೂರುವ ಜಾಗ ಬೇರೆ, ಮದ್ದೂ ಬೇರೆ. ನಿರೋಧಕ ಶಕ್ತಿ ಎಬ್ಬಿಸುವ ಸಿಂಪಡಣೆ ಮೊದಲನೆಯದಕ್ಕೆ ಒಂದಿಷ್ಟು ನಿಜವಾದ ಸಹಾಯ ಮಾಡುತ್ತದೆ. ಎರಡನೆಯದಕ್ಕೆ ಈಗ ಅದರಿಂದ ಏನೂ ಆಗದು. ಆದ್ದರಿಂದ ಬಾಟಲಿ ಕೊಳ್ಳುವ ಮೊದಲು ಯಾವುದು ಯಾವುದೆಂದು ಖಚಿತಪಡಿಸಿಕೊಳ್ಳಿ.

ಎಲೆಯ ಮೇಲಿನ ಚುಕ್ಕೆ ಜಾಂಥೋಮೊನಾಸ್ ಎಂಬ ದುಂಡಾಣುವಿನ ಎಲೆಚುಕ್ಕೆ ರೋಗದಂತೆ ಕಾಣುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಚುಕ್ಕೆ ಮೂರು ಮಿಲಿಮೀಟರಿಗಿಂತ ಚಿಕ್ಕದಾಗಿ, ಎಳೆಯದಾಗಿರುವಾಗ ನೀರು ಕುಡಿದಂತೆ ಪಾರದರ್ಶಕವಾಗಿದ್ದು, ಒಳಗೆ ಉಂಗುರಗಳಿಲ್ಲದಿದ್ದರೆ ಅದೇ. ಚುಕ್ಕೆ ದೊಡ್ಡದಾಗಿ, ಒಂದರೊಳಗೊಂದು ಉಂಗುರ ಕಂಡರೆ ಅದು ಶಿಲೀಂಧ್ರದ ಎಲೆಚುಕ್ಕೆ, ಅದಕ್ಕೆ ಚಿಕಿತ್ಸೆಯೇ ಬೇರೆ. ಚಿಗುರು ಕಂಚಿನ ಬಣ್ಣಕ್ಕೆ ತಿರುಗಿ ಹಣ್ಣಿನ ಮೇಲೆ ಬಣ್ಣಬಣ್ಣದ ಬಳೆಗಳು ಮೂಡಿದ್ದರೆ ನಂಜಾಣು (ವೈರಸ್) ರೋಗ. ನೀವು ಹೇಳಿದ ಒರಟು ಕಜ್ಜಿ ಗುರುತು ದುಂಡಾಣು ಚುಕ್ಕೆಯದೇ ಲಕ್ಷಣ.

ತಗ್ಗಿನ ಮೂಲೆಯ ಗಿಡಗಳು ಹಳದಿಯಾಗದೆ ಬಾಡಿವೆ ಅಂದರೆ ರಾಲ್‌ಸ್ಟೋನಿಯಾ ದುಂಡಾಣುವಿನ ಸೊರಗು ರೋಗದ ಅನುಮಾನ ಬಲವಾಗಿದೆ. ಇದನ್ನು ಹೊಲದಲ್ಲೇ ಪರೀಕ್ಷಿಸಬಹುದು. ಈಗಷ್ಟೇ ಬಾಡಿದ ಗಿಡದ ಬುಡದಿಂದ ನಾಲ್ಕು ಬೆರಳುದ್ದದ ಕಾಂಡ ಕತ್ತರಿಸಿ, ಗಾಜಿನ ಲೋಟದ ಶುದ್ಧ ನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಅಲ್ಲಾಡಿಸದೆ ಹಿಡಿಯಿರಿ. ಐದು ನಿಮಿಷದೊಳಗೆ ಹಾಲಿನಂಥ ಬಿಳಿ ಎಳೆ ಕೆಳಕ್ಕೆ ಇಳಿದರೆ ಸೊರಗು ರೋಗವೇ. ಏನೂ ಇಳಿಯದೆ ಕಾಂಡದ ಒಳಗಿನ ನಾಳ ಕಂದಾಗಿದ್ದರೆ ಶಿಲೀಂಧ್ರದ ಸೊರಗು ಇರಬಹುದು. ಪೂರ್ತಿ ಒಣಗಿದ ಗಿಡದಲ್ಲಿ ಈ ಪರೀಕ್ಷೆ ಮೋಸ ಮಾಡುತ್ತದೆ, ಹಸಿ ಗಿಡವೇ ಬೇಕು. ಸಂಶಯ ಉಳಿದರೆ ಬೇರುಸಹಿತ ಎರಡು ಗಿಡಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ.

ಗಿಡದ ರಕ್ಷಣೆ ಅಂದರೆ ಏನು

ಗಿಡಕ್ಕೆ ರಕ್ತವಿಲ್ಲ, ಬಿಳಿ ರಕ್ತಕಣವಿಲ್ಲ, ನಮ್ಮ ದೇಹದಲ್ಲಿ ಹುಟ್ಟುವಂಥ ಪ್ರತಿಕಾಯವೂ ಇಲ್ಲ. ಪ್ರತಿ ಜೀವಕೋಶ ತನ್ನನ್ನು ತಾನೇ ಕಾಯಬೇಕು. ಕೋಶದ ಹೊರಪೊರೆಯಲ್ಲಿರುವ ಗ್ರಾಹಕಗಳು ದುಂಡಾಣುವಿನ ಬಾಲದ ಪ್ರೋಟೀನನ್ನು ಗುರುತಿಸಿದ ಕೂಡಲೇ ಕೋಶಭಿತ್ತಿ ದಪ್ಪವಾಗತೊಡಗುತ್ತದೆ, ಪತ್ರರಂಧ್ರ ಮುಚ್ಚಿಕೊಳ್ಳುತ್ತದೆ. ಜಾಂಥೋಮೊನಾಸ್ ಸುಮ್ಮನಿರುವುದಿಲ್ಲ. ಸೂಜಿಯಂಥ ಅಂಗದಿಂದ ತನ್ನ ಪ್ರೋಟೀನುಗಳನ್ನು ಕೋಶದೊಳಕ್ಕೆ ಚುಚ್ಚಿ ಈ ರಕ್ಷಣೆಯನ್ನು ಅಡಗಿಸುತ್ತದೆ. ನಿರೋಧಕ ವಂಶವಾಹಿ ಇರುವ ತಳಿಯಾದರೆ ಆ ಪ್ರೋಟೀನನ್ನೂ ಗುರುತಿಸಿ, ದಾಳಿಗೊಳಗಾದ ಕೋಶವನ್ನು ತಾನೇ ಸಾಯಿಸಿ ದುಂಡಾಣುವನ್ನು ಅಲ್ಲೇ ಕಟ್ಟಿಹಾಕುತ್ತದೆ.

ಈ ಹೋರಾಟದ ಹೊತ್ತಿನಲ್ಲಿ ಎಲೆಯಲ್ಲಿ ಸ್ಯಾಲಿಸಿಲಿಕ್ ಆಮ್ಲ ಹೆಚ್ಚುತ್ತದೆ, ಸೂಚನೆ ನಾಳಗಳ ಮೂಲಕ ಉಳಿದ ಎಲೆಗಳಿಗೂ ಹೋಗುತ್ತದೆ. 1961ರಲ್ಲಿ ಅಮೆರಿಕದ ಫ್ರಾಂಕ್ ರಾಸ್ ತಂಬಾಕಿನ ಕೆಲವು ಎಲೆಗಳಿಗೆ ಮೊಸಾಯಿಕ್ ನಂಜಾಣು ತಗುಲಿಸಿ, ಸೋಂಕಿಲ್ಲದ ಎಲೆಗಳೂ ಮುಂದಿನ ದಾಳಿಗೆ ಸಿದ್ಧವಾಗುವುದನ್ನು ತೋರಿಸಿದರು. 1979ರಲ್ಲಿ ಬ್ರಿಟನ್ನಿನ ಆರ್. ಎಫ್. ವೈಟ್ ಆಸ್ಪಿರಿನ್ ಕೊಟ್ಟ ತಂಬಾಕಿನಲ್ಲೂ ಅಂಥದೇ ಪರಿಣಾಮ ಕಂಡರು. ಅಂದರೆ ನಿಮ್ಮ ಪಕ್ಕದ ಹೊಲದವರ ಮಾತು ಗಾಳಿಮಾತಲ್ಲ, ಅದರ ಬೇರು ವಿಜ್ಞಾನದಲ್ಲೇ ಇದೆ. ಆಸ್ಪಿರಿನ್ ನೀರಿನಲ್ಲೂ ಗಿಡದಲ್ಲೂ ಒಡೆದು ಸ್ಯಾಲಿಸಿಲಿಕ್ ಆಮ್ಲವಾಗುತ್ತದೆ.

ಬೇರಿನ ಸುತ್ತ ಬದುಕುವ ಸ್ಯೂಡೋಮೊನಾಸ್ ಫ್ಲೋರೊಸೆನ್ಸ್, ಬ್ಯಾಸಿಲಸ್ ಸಬ್ಟಿಲಿಸ್‌ನಂಥ ಒಳ್ಳೆಯ ದುಂಡಾಣುಗಳು ಗಿಡವನ್ನು ಇನ್ನೊಂದು ದಾರಿಯಲ್ಲಿ ಎಚ್ಚರಿಸುತ್ತವೆ. ಅಲ್ಲಿ ಮುಖ್ಯವಾಗಿ ಜಾಸ್ಮೋನಿಕ್ ಆಮ್ಲ ಮತ್ತು ಎಥಿಲೀನ್ ಎಂಬ ಗಿಡದ ಹಾರ್ಮೋನುಗಳು ಕೆಲಸ ಮಾಡುತ್ತವೆ. ಗಿಡ ಆಗಲೇ ಶಕ್ತಿ ಖರ್ಚು ಮಾಡುವುದಿಲ್ಲ. ದಾಳಿಯಾದಾಗ ಬೇಗ ಎದ್ದು ನಿಲ್ಲುವಂತೆ ತಯಾರಾಗಿರುತ್ತದೆ, ಅಷ್ಟೆ. ಸಾಮಾನ್ಯ ರೈತನಿಗೆ ಇದೇ ಹೆಚ್ಚು ಸುರಕ್ಷಿತ ದಾರಿ ಎಂಬುದು ನನ್ನ ಅಭಿಪ್ರಾಯ.

ಅಂಗಡಿಯವರು ಹೇಳಿದ ಲಸಿಕೆಯ ಹೋಲಿಕೆ ಎಲ್ಲಿ ತಪ್ಪುತ್ತದೆ ಅಂದರೆ, ಗಿಡದಲ್ಲಿ ಎದ್ದ ರಕ್ಷಣೆ ವರ್ಷಗಟ್ಟಲೆ ಉಳಿಯುವುದಿಲ್ಲ. ಏಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು, ಒಂದೆರಡು ವಾರದಲ್ಲಿ ಇಳಿಯುತ್ತದೆ, ಹೊಸ ಚಿಗುರು ಬಂದಂತೆ ಮತ್ತೆ ಕೊಡಬೇಕು. ಹೀಗೆ ರಕ್ಷಣೆ ಎಬ್ಬಿಸುವ ವಸ್ತು, ಅಂದರೆ ಪ್ರಚೋದಕ, ದುಂಡಾಣುವನ್ನು ನೇರವಾಗಿ ಕೊಲ್ಲುವುದಿಲ್ಲ, ಈಗಾಗಲೇ ಬಿದ್ದ ಚುಕ್ಕೆಯನ್ನು ವಾಸಿ ಮಾಡುವುದಿಲ್ಲ. ಲೋಕದ ನಾನಾ ಕಡೆ ಹೊಲಗಳಲ್ಲಿ ನಡೆದ ಪ್ರಯೋಗಗಳಲ್ಲಿ ರೋಗ ತಗ್ಗಿದ್ದು ಶೇಕಡಾ 20ರಿಂದ 85ರವರೆಗೆ. ಈ ಅಂತರ ಯಾಕೆ ಇಷ್ಟು ದೊಡ್ಡದು ಅಂದರೆ ತಳಿ, ಗೊಬ್ಬರ, ಬಿಸಿಲು, ಸೋಂಕಿನ ಒತ್ತಡ ಎಲ್ಲವೂ ಫಲಿತಾಂಶವನ್ನು ಎಳೆದಾಡುತ್ತವೆ. ಪೂರ್ತಿ ತಡೆಯುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಬಾಟಲಿಯ ಲೇಬಲ್ ಕೂಡ ಓದಿ. 2021ರ ಫೆಬ್ರವರಿಯಿಂದ ಜೈವಿಕ ಉತ್ತೇಜಕಗಳು ರಸಗೊಬ್ಬರ ನಿಯಂತ್ರಣ ಆದೇಶದ ಅಡಿಗೆ ಬಂದಿವೆ. ಆ ವರ್ಗದಲ್ಲಿ ಮಾರುವ ವಸ್ತು ಬೆಳವಣಿಗೆ, ಪೋಷಕಾಂಶ ಹೀರಿಕೆ, ಒತ್ತಡ ಸಹಿಸುವ ಶಕ್ತಿಯ ಬಗ್ಗೆ ಹೇಳಬಹುದು. ರೋಗ ನಿಯಂತ್ರಿಸುತ್ತದೆ ಎಂದು ಹೇಳಬೇಕಾದರೆ ಕೀಟನಾಶಕ ಕಾಯ್ದೆಯಡಿ ನೋಂದಣಿ ಸಂಖ್ಯೆ ಬೇಕು. ಯಾವ ಅಂಶ ಎಷ್ಟು ಪ್ರಮಾಣದಲ್ಲಿದೆ ಎಂದು ಬರೆಯದೆ ಬರೀ ಶಕ್ತಿ, ಇಮ್ಯೂನಿಟಿ ಎಂಬ ಮಾತುಗಳಿದ್ದರೆ ಆ 1,800 ರೂಪಾಯಿ ಉಳಿಸಿಕೊಳ್ಳಿ.

ಸ್ಟ್ರೆಪ್ಟೋಸೈಕ್ಲಿನ್ ಯಾಕೆ ನಿಲ್ಲಿಸಲಿಲ್ಲ

ಅದು ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಸೇರಿದ ಪ್ರತಿಜೀವಕ. ಎಲೆಯ ಮೇಲ್ಮೈಯಲ್ಲಿ ಕೆಲವೇ ದಿನ ಉಳಿಯುತ್ತದೆ. ಮಳೆ ಬಂದರೆ ತೊಳೆದು ಹೋಗುತ್ತದೆ. ಎಲೆಯೊಳಗೆ ಸೇರಿದ ದುಂಡಾಣುವನ್ನು ಮುಟ್ಟುವುದು ಕಡಿಮೆ. ಒಂದೇ ಔಷಧ ಪದೇ ಪದೇ ಬಿದ್ದಾಗ ತಡೆದುಕೊಳ್ಳುವ ದುಂಡಾಣುಗಳು ಮಾತ್ರ ಉಳಿದು ಬೆಳೆಯುತ್ತವೆ. ತಾಮ್ರದ ಔಷಧಕ್ಕೂ ಹೀಗೆಯೇ ಆಗಿರುವುದನ್ನು ಟೊಮೆಟೊ ಬೆಳೆಯುವ ಹಲವು ದೇಶಗಳಲ್ಲಿ ಕಂಡಿದ್ದಾರೆ. ಮನುಷ್ಯರ ಚಿಕಿತ್ಸೆಗೆ ಬೇಕಾದ ಔಷಧವಾದ್ದರಿಂದ ಇದನ್ನು ಬೇಸಾಯದಿಂದ ಹೊರಗಿಡುವ ಕರಡು ಆದೇಶವನ್ನು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಹೊರಡಿಸಿತು. ನಾಲ್ಕನೆಯ ಸಲ ಹೊಡೆಯಬೇಡಿ. ಸೊರಗು ರೋಗಕ್ಕಂತೂ ಎಲೆಯ ಮೇಲೆ ಏನು ಹೊಡೆದರೂ ವ್ಯರ್ಥ, ಆ ದುಂಡಾಣು ಬೇರಿನ ಗಾಯದಿಂದ ಹೊಕ್ಕು ನೀರು ಸಾಗಿಸುವ ನಾಳವನ್ನೇ ಕಟ್ಟಿಬಿಟ್ಟಿರುತ್ತದೆ.

ಈ ಬೆಳೆಗೆ ಈಗ

ಮೊದಲು ತಗ್ಗಿನ ಮೂಲೆ. ಬಾಡಿದ ಗಿಡಗಳ ಜೊತೆ ಅವುಗಳ ಅಕ್ಕಪಕ್ಕದ ಒಂದೊಂದು ಗಿಡವನ್ನೂ ಬೇರು, ಮಣ್ಣು ಸಮೇತ ಕಿತ್ತು ಅಲ್ಲೇ ಚೀಲಕ್ಕೆ ತುಂಬಿ. ಸಾಲುಗಳ ನಡುವೆ ಎಳೆದುಕೊಂಡು ಹೋಗಬೇಡಿ, ತಿಪ್ಪೆಗೂ ಹಾಕಬೇಡಿ, ಒಣಗಿಸಿ ಸುಡಿ. ಗುಂಡಿಗಳಿಗೆ ಬ್ಲೀಚಿಂಗ್ ಪೌಡರ್ ಉದುರಿಸಿ ಮುಚ್ಚಿ, ಆ ಜಾಗದ ಡ್ರಿಪ್ಪರುಗಳನ್ನು ಬಂದ್ ಮಾಡಿ. ಮಳೆ ನೀರು ಆ ಮೂಲೆಯಿಂದ ಉಳಿದ ಹೊಲಕ್ಕೆ ಹರಿಯದಂತೆ ಸಣ್ಣ ಕಾಲುವೆ ತೆಗೆದು ಹೊರಕ್ಕೆ ತಿರುಗಿಸಿ. ಕೆಳಗಿನ ಹೊಲದವರದೂ ಟೊಮೆಟೊ ಆಗಿದ್ದರೆ ಅವರಿಗೆ ಮೊದಲೇ ತಿಳಿಸಿ, ನೀರಿನ ಜೊತೆ ರೋಗವೂ ಹೋಗುತ್ತದೆ. ಆ ಮೂಲೆಯ ಕೆಲಸ ದಿನದ ಕೊನೆಗೆ ಇಟ್ಟುಕೊಳ್ಳಿ. ಸನಿಕೆ, ಕತ್ತರಿ, ಚಪ್ಪಲಿ ತೊಳೆದೇ ಹೊರಬನ್ನಿ. ಸುತ್ತಲ ಗಿಡಗಳ ಬುಡಕ್ಕೆ ತಾಮ್ರದ ದ್ರಾವಣ ಸುರಿಯುವುದು ರೂಢಿಯಲ್ಲಿದೆ, ಆದರೆ ಒಳಗೆ ಹೊಕ್ಕ ರೋಗಕ್ಕೆ ಅದರಿಂದ ಹೆಚ್ಚು ನಿರೀಕ್ಷಿಸಬೇಡಿ.

ಎಲೆಚುಕ್ಕೆಗೆ ಬರೋಣ. ಎಲೆ ಒದ್ದೆಯಿದ್ದಾಗ ಹೊಲಕ್ಕೆ ಇಳಿಯಬೇಡಿ. ಮುಂಜಾನೆ ಇಬ್ಬನಿಯಲ್ಲಿ ದಾರ ಕಟ್ಟುವುದು, ಕಂಕುಳ ಚಿಗುರು ಮುರಿಯುವುದು, ಕಾಯಿ ಕೀಳುವುದು, ಇವುಗಳಷ್ಟು ವೇಗವಾಗಿ ಈ ರೋಗ ಹರಡುವ ಕೆಲಸ ಬೇರೆ ಇಲ್ಲ. ಬಿಸಿಲು ಏರಿದ ಮೇಲೆ ನೆಲಕ್ಕೆ ತಾಗುವ ರೋಗದ ಎಲೆಗಳನ್ನು ತೆಗೆದು ಹೊರಗೆ ಹಾಕಿ.

ಈಗಿರುವ ಸೋಂಕನ್ನು ತಗ್ಗಿಸಲು ಕಾಪರ್ ಹೈಡ್ರಾಕ್ಸೈಡ್ ಲೀಟರಿಗೆ 2 ಗ್ರಾಂ, ಮ್ಯಾಂಕೋಜೆಬ್ 2 ಗ್ರಾಂ. ಎರಡನ್ನೂ ಕಲಸಿ ಗಂಟೆ, ಒಂದೂವರೆ ಗಂಟೆ ಬಿಟ್ಟು ಹೊಡೆಯಿರಿ. ಹಾಗೆ ಬಿಟ್ಟಾಗ ದುಂಡಾಣುವಿಗೆ ತಗುಲುವ ತಾಮ್ರದ ಪ್ರಮಾಣ ಹೆಚ್ಚುತ್ತದೆ, ತಾಮ್ರ ಸಹಿಸುವ ದುಂಡಾಣುವಿನ ಮೇಲೂ ಒಂದಿಷ್ಟು ಹಿಡಿತ ಸಿಗುತ್ತದೆ. ಏಳರಿಂದ ಹತ್ತು ದಿನದ ಅಂತರದಲ್ಲಿ ಎರಡು ಸಲ ಸಾಕು. ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಲೇಬಲ್ ನೋಡಿ.

ಪ್ರಚೋದಕ ಕೊಡುವುದಾದರೆ ಅದು ಇನ್ನೂ ಚುಕ್ಕೆ ಬೀಳದ ಮೇಲಿನ ಎಲೆಗಳನ್ನು ಕಾಯಲು. ಸ್ಯಾಲಿಸಿಲಿಕ್ ಆಮ್ಲ ಲೀಟರಿಗೆ 100 ಮಿಲಿಗ್ರಾಂ, ಅಂದರೆ 100 ಲೀಟರಿಗೆ 10 ಗ್ರಾಂ. ಇದನ್ನು ನೇರವಾಗಿ ತಣ್ಣೀರಿಗೆ ಹಾಕಿದರೆ ಪುಡಿ ತೇಲುತ್ತದೆ, ನಾಝಲ್ ಕಟ್ಟುತ್ತದೆ, ಕರಗದ ಹರಳು ಬಿದ್ದ ಕಡೆ ಎಲೆ ಸುಡುತ್ತದೆ. 10 ಗ್ರಾಂ ಅನ್ನು 5 ಲೀಟರ್ ಚೆನ್ನಾಗಿ ಕಾದ ನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ 95 ಲೀಟರ್ ನೀರಿಗೆ ಕಲಕುತ್ತಾ ಸುರಿಯಿರಿ. ತೂಕಕ್ಕೆ ಅಕ್ಕಸಾಲಿಗರ ಅಳತೆಯ ಸಣ್ಣ ತಕ್ಕಡಿ ಬೇಕು, ಚಮಚದ ಲೆಕ್ಕ ಬೇಡ. ಈ ಪುಡಿ ಕಣ್ಣು, ಮೂಗಿಗೆ ಉರಿ ತರುತ್ತದೆ. ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಎಕರೆಗೆ 200 ಲೀಟರ್ ದ್ರಾವಣ ಹಿಡಿದರೂ ಖರ್ಚಾಗುವುದು 20 ಗ್ರಾಂ.

ಆಸ್ಪಿರಿನ್ ಮಾತ್ರೆಯಿಂದಲೇ ಮಾಡಬಾರದೇ ಎಂದರೆ, 350 ಮಿಲಿಗ್ರಾಂ ಮಾತ್ರೆಯೊಂದರಿಂದ ಸಿಗುವುದು ಸುಮಾರು 270 ಮಿಲಿಗ್ರಾಂ ಸ್ಯಾಲಿಸಿಲಿಕ್ ಆಮ್ಲ. 16 ಲೀಟರ್ ಟ್ಯಾಂಕಿಗೆ ಆರು ಮಾತ್ರೆ ಬೇಕಾಗುತ್ತದೆ. ಒಂದು ಮಾತ್ರೆ ಹಾಕಿ ಏನೂ ಆಗಲಿಲ್ಲ ಅನ್ನುವವರು, ಇಪ್ಪತ್ತು ಹಾಕಿ ಎಲೆ ಸುಟ್ಟುಕೊಂಡವರು, ಇಬ್ಬರೂ ಇದೇ ಲೆಕ್ಕ ತಪ್ಪಿದವರು. ಮಾತ್ರೆಯಲ್ಲಿ ಬೇರೆ ಪುಡಿಗಳೂ ಸೇರಿರುವುದರಿಂದ ಶುದ್ಧ ಆಮ್ಲವೇ ಲೇಸು.

ಇನ್ನೊಂದು ಎಚ್ಚರಿಕೆ. ಶಿರಾ, ಪಾವಗಡದ ಕಡೆ ದಾಳಿಂಬೆಯ ದುಂಡಾಣು ಅಂಗಮಾರಿಗೆ ಇದೇ ಆಮ್ಲವನ್ನು ಲೀಟರಿಗೆ 0.3 ಗ್ರಾಂ, ತಿಂಗಳಿಗೊಮ್ಮೆಯಂತೆ ನಾಲ್ಕು ಸಲ ಕೊಡುತ್ತಾರೆ. ಅದು ಸೊಲ್ಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದ ಶಿಫಾರಸು. ಆ ಪ್ರಮಾಣವನ್ನು ಟೊಮೆಟೊಗೆ ತರಬೇಡಿ. ದಾಳಿಂಬೆಯ ಎಲೆ ಗಡುಸು, ಟೊಮೆಟೊ ಎಲೆ ಮೃದು. ಮೂರು ಪಟ್ಟು ಹೊಡೆದರೆ ಅಂಚು ಸುಡುವ, ಹೂ ಉದುರುವ ಅಪಾಯವಿದೆ.

ತಾಮ್ರದ ಜೊತೆ ಒಂದೇ ಟ್ಯಾಂಕಿನಲ್ಲಿ ಇದನ್ನು ಸೇರಿಸಬೇಡಿ. ದ್ರಾವಣ ಹುಳಿಯಾದಷ್ಟೂ ತಾಮ್ರ ಹೆಚ್ಚು ಕರಗಿ ಎಲೆಗೇ ವಿಷವಾಗುತ್ತದೆ. ಕಬ್ಬಿಣವಿರುವ ಲಘು ಪೋಷಕಾಂಶದ ಜೊತೆಯೂ ಬೇಡ. ನೀರು ನೇರಳೆ ಬಣ್ಣಕ್ಕೆ ತಿರುಗಿದರೆ ಆಮ್ಲ ಕಬ್ಬಿಣಕ್ಕೆ ಕಟ್ಟಿಕೊಂಡಿತೆಂದು ತಿಳಿಯಿರಿ. ನಮ್ಮ ಕಡೆಯ ಆಳದ ಬೋರ್‌ವೆಲ್ ನೀರು ಬಹಳ ಕಡೆ ಗಡಸು, ಕ್ಷಾರಗುಣದ್ದು. ಅಂಥ ನೀರಿನಲ್ಲಿ ಆಮ್ಲ ಲವಣವಾಗಿ ಎಲೆಯೊಳಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಮಳೆ ನೀರು ಹಿಡಿದ ಕೃಷಿ ಹೊಂಡವಿದ್ದರೆ ಆ ನೀರು ಬಳಸಿ.

ಹೊಡೆಯುವ ಹೊತ್ತು ಸಂಜೆ. ಮುನ್ಸೂಚನೆಯಿರುವ ಮಳೆಗೆ ನಾಲ್ಕೈದು ದಿನ ಮೊದಲು ಕೊಟ್ಟರೆ ಮಾತ್ರ ಅರ್ಥ, ಮಳೆ ಬಂದ ಮಾರನೆಯ ದಿನ ಕೊಟ್ಟರೆ ರಕ್ಷಣೆ ಏಳುವ ಮೊದಲೇ ದುಂಡಾಣು ಒಳಗಿರುತ್ತದೆ. ನೀರಿನ ಕೊರತೆಯಿಂದ ಜೋಲುತ್ತಿರುವ ಗಿಡಕ್ಕೆ ಕೊಡಬೇಡಿ. ಎರಡು ವಾರದ ಅಂತರದಲ್ಲಿ ಒಂದು ಬೆಳೆಗೆ ಮೂರು, ಹೆಚ್ಚೆಂದರೆ ನಾಲ್ಕು ಸಲ. ಮೊದಲ ಸಲ ಎರಡೇ ಸಾಲಿಗೆ ಹೊಡೆದು ಮೂರು ದಿನ ಕಾಯಿರಿ. ಎಲೆ ಸುಡದಿದ್ದರೆ ಮುಂದುವರಿಸಿ, ಆದರೆ ಎರಡು ಸಾಲುಗಳನ್ನು ಹೊಡೆಯದೆ ಬಿಟ್ಟು ಗುರುತಿಡಿ. ಹತ್ತು ದಿನದ ನಂತರ ಎರಡೂ ಕಡೆ ಹತ್ತು ಹತ್ತು ಗಿಡಗಳ ಮೇಲಿನ ಮೂರು ಎಲೆಗಳ ಚುಕ್ಕೆ ಎಣಿಸಿ. ವ್ಯತ್ಯಾಸ ಕಾಣದಿದ್ದರೆ ನಿಮ್ಮ ಹೊಲಕ್ಕೆ ಅದು ಬೇಡ.

ಹೆಚ್ಚು ಹೊಡೆದರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ರಕ್ಷಣೆಗೆ ಹೋದ ಶಕ್ತಿ ಕಾಯಿಗೆ ಹೋಗುವುದಿಲ್ಲ. ಇದೇ ದಾರಿಯಲ್ಲಿ ಕೆಲಸ ಮಾಡುವ ಅಸಿಬೆಂಜೋಲಾರ್ ಎಂಬ ಪ್ರಚೋದಕವನ್ನು ಅಮೆರಿಕದಲ್ಲಿ ಟೊಮೆಟೊ ಎಲೆಚುಕ್ಕೆಗೆ ಬಳಸುತ್ತಾರೆ. ಅದನ್ನು ಪದೇ ಪದೇ ಹೊಡೆದ ಮೆಣಸಿನಕಾಯಿ ಬೆಳೆಯಲ್ಲಿ ಇಳುವರಿ ತಗ್ಗಿದ್ದು ದಾಖಲಾಗಿದೆ. ಇನ್ನೊಂದು ಅಪಾಯ ರೈತರಿಗೆ ಯಾರೂ ಹೇಳುವುದಿಲ್ಲ. ಸ್ಯಾಲಿಸಿಲಿಕ್ ದಾರಿ ಜೋರಾದಾಗ, ಕಚ್ಚಿ ತಿನ್ನುವ ಹುಳುಗಳ ವಿರುದ್ಧದ ಜಾಸ್ಮೋನಿಕ್ ದಾರಿ ಕುಗ್ಗಬಹುದು. ಹಾಗಾಗಿ ಇದನ್ನು ಕೊಟ್ಟ ಮೇಲೆ ಕಾಯಿಕೊರಕ ಮತ್ತು ಊಜಿಗೆ ಮೋಹಕ ಬಲೆ ಕಟ್ಟಿ ವಾರಕ್ಕೆರಡು ಸಲ ನೋಡಿಕೊಳ್ಳಿ.

ಸಿಗಡಿ, ಏಡಿಯ ಚಿಪ್ಪಿನಿಂದ ಮಾಡುವ ಕೈಟೋಸಾನ್‌ಗೂ, ಕಡಲಪಾಚಿ ಸಾರಗಳಿಗೂ ಪ್ರಚೋದಕ ಗುಣವಿದೆ. ಒಂದು ಕಂಪನಿಯ ಸರಕಿಗೂ ಇನ್ನೊಂದಕ್ಕೂ ಬಹಳ ವ್ಯತ್ಯಾಸವಿರುವುದರಿಂದ ಸಣ್ಣ ಪ್ರಯೋಗವಿಲ್ಲದೆ ಎರಡೆಕರೆಗೂ ಹೊಡೆಯಬೇಡಿ.

ಮುಂದಿನ ಬೆಳೆಗೆ

ಪ್ರಚೋದಕಕ್ಕೆ ಸರಿಯಾದ ಜಾಗ ಸಸಿಮಡಿ. ಬಹಳಷ್ಟು ಸಲ ಎಲೆಚುಕ್ಕೆ ಬೀಜ ಮತ್ತು ನರ್ಸರಿ ಟ್ರೇಗಳ ಮೂಲಕವೇ ಹೊಲಕ್ಕೆ ಬರುತ್ತದೆ. ಸಸಿ ತರುವಾಗ ಹತ್ತು ಟ್ರೇಗಳ ಎಲೆಗಳನ್ನು ಬೆಳಕಿಗೆ ಹಿಡಿದು ನೋಡಿ. ಒಂದರಲ್ಲಿ ಚುಕ್ಕೆ ಕಂಡರೂ ಆ ಬ್ಯಾಚ್ ಬೇಡ. ಸ್ವಂತ ಬೀಜವಾದರೆ 50 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 25 ನಿಮಿಷ ಇಟ್ಟು ತಣ್ಣೀರಿಗೆ ಹಾಕಿ ನೆರಳಲ್ಲಿ ಒಣಗಿಸಿ. ಎರಡು ಡಿಗ್ರಿ ಹೆಚ್ಚಾದರೂ ಮೊಳಕೆ ಕೆಡಬಹುದು, ಉಷ್ಣಮಾಪಕ ಇಲ್ಲದೆ ಮಾಡಬೇಡಿ. ಕಂಪನಿಯವರು ಔಷಧ ಲೇಪಿಸಿದ ಬೀಜಕ್ಕೆ ಇದು ಸಲ್ಲದು.

ಸ್ಯೂಡೋಮೊನಾಸ್ ಫ್ಲೋರೊಸೆನ್ಸ್ ಪುಡಿಯನ್ನು ಕಿಲೋ ಬೀಜಕ್ಕೆ 10 ಗ್ರಾಂ, ನಾಟಿಯ ಹೊತ್ತಿಗೆ ಲೀಟರಿಗೆ 10 ಗ್ರಾಂ ದ್ರಾವಣದಲ್ಲಿ ಸಸಿಯ ಬೇರು ಅರ್ಧ ಗಂಟೆ. ಹೊಲಕ್ಕೆ ಒಂದು ಟನ್ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 2 ಕಿಲೋ ಪುಡಿ ಬೆರೆಸಿ, ತೇವ ಆರದಂತೆ ನೆರಳಲ್ಲಿ 15 ದಿನ ಮುಚ್ಚಿಟ್ಟು ಸಾಲಿಗೆ ಕೊಡಿ. ಪೊಟ್ಟಣದ ತಯಾರಿಕಾ ದಿನಾಂಕ ನೋಡಿ, ಬಿಸಿಲಿಗೆ ಇಟ್ಟ ಅಂಗಡಿಯಿಂದ ತರಬೇಡಿ. ಸತ್ತ ದುಂಡಾಣುವಿನ ಪುಡಿ ಬರೀ ಸುದ್ದೆಮಣ್ಣಿಗೆ ಸಮ. ಇದನ್ನು ಕೊಟ್ಟ ಹತ್ತು ದಿನದೊಳಗೆ ಬುಡಕ್ಕೆ ತಾಮ್ರವಾಗಲಿ ಪ್ರತಿಜೀವಕವಾಗಲಿ ಸುರಿದರೆ ನೀವೇ ಹಾಕಿದ್ದನ್ನು ನೀವೇ ಕೊಂದಂತೆ. ಸಾರಜನಕವನ್ನು ಒಮ್ಮೆಗೇ ಹೆಚ್ಚು ಕೊಡಬೇಡಿ, ಮೃದುವಾಗಿ ಉಬ್ಬಿದ ಎಲೆಗೆ ಯಾವ ಪ್ರಚೋದಕವೂ ಸಾಲದು. ಮಣ್ಣು ಪರೀಕ್ಷೆಯಲ್ಲಿ ಸುಣ್ಣದಂಶ ಕಡಿಮೆ ಬಂದರೆ ಸರಿಪಡಿಸಿ, ಕ್ಯಾಲ್ಸಿಯಂ ಸರಿಯಿರುವ ಗಿಡ ಸೊರಗು ರೋಗವನ್ನು ಹೆಚ್ಚು ತಡೆಯುತ್ತದೆ.

ಸೊರಗು ರೋಗ ಖಚಿತವಾದರೆ ಆ ಮೂಲೆಯಲ್ಲಿ ಕನಿಷ್ಠ ಎರಡು ಮೂರು ಬೆಳೆ ರಾಗಿ ಅಥವಾ ಮುಸುಕಿನ ಜೋಳ ಹಾಕಿ. ಬದನೆ, ಮೆಣಸಿನಕಾಯಿ, ದಪ್ಪ ಮೆಣಸು, ಆಲೂಗಡ್ಡೆ ಬೇಡ, ಅವೂ ಅದೇ ದುಂಡಾಣುವಿಗೆ ಆಶ್ರಯ. ಬದುವಿನ ಕಾಗೆಹಣ್ಣಿನ ಗಿಡವನ್ನೂ ಕೀಳಿ. ಮತ್ತೆ ಟೊಮೆಟೊನೇ ಬೇಕೆಂದರೆ ಎರಡು ದಾರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್, ಅರ್ಕಾ ಅಭೇದ್‌ನಂಥ ಸೊರಗು ನಿರೋಧಕ ತಳಿಗಳು ಒಂದು. ದೂರದ ಊರಿಗೆ ಲಾರಿಯಲ್ಲಿ ಹೋಗುವ ಕಾಯಿಗೆ ಮಂಡಿಯವರು ಕೇಳುವ ಗಾತ್ರ, ಗಟ್ಟಿತನ ನಿಮಗೆ ಒಪ್ಪುತ್ತದೆಯೇ ಎಂದು ನಾಟಿಗೆ ಮೊದಲೇ ಅವರ ಹತ್ತಿರ ಮಾತಾಡಿಕೊಳ್ಳಿ. ಬೇರುಗಂಟು ಜಂತುಹುಳು ಇರುವ ನೆಲದಲ್ಲಿ ಈ ನಿರೋಧಕತೆ ಸಡಿಲವಾಗುತ್ತದೆ, ಆದ್ದರಿಂದ ಈಗ ಕೀಳುವ ಗಿಡಗಳ ಬೇರಿನಲ್ಲಿ ಗಂಟುಗಳಿವೆಯೇ ನೋಡಿಡಿ.

ಎರಡನೆಯದು ಸೊರಗು ನಿರೋಧಕ ಬದನೆ ಅಥವಾ ಕಾಡು ಸುಂಡೆಯ ಬೇರಿನ ಮೇಲೆ ನಿಮಗೆ ಬೇಕಾದ ತಳಿಯನ್ನೇ ಕಸಿ ಮಾಡಿದ ಸಸಿ. ಸಾದಾ ಸಸಿಗಿಂತ ದುಬಾರಿ, ಮೊದಲೇ ಹೇಳಿ ಮಾಡಿಸಬೇಕು. ನೆಡುವಾಗ ಕಸಿಯ ಜೋಡಣೆ ಮಣ್ಣಿಗಿಂತ ಮೇಲೆಯೇ ಇರಬೇಕು. ಆಳವಾಗಿ ನೆಟ್ಟು ಮಣ್ಣು ಏರಿಸಿದರೆ ಮೇಲಿನ ಟೊಮೆಟೊ ಕಾಂಡ ಸ್ವಂತ ಬೇರು ಬಿಟ್ಟು, ರೋಗ ಆ ಬೇರಿನಿಂದಲೇ ಒಳಗೆ ಹೋಗುತ್ತದೆ. ಎರಡೆಕರೆಗೂ ಕಸಿ ಸಸಿ ಬೇಕಿಲ್ಲ. ಬೆಳೆ ಬದಲಿಸಿದ ನಂತರ ತಗ್ಗಿನ ಮೂಲೆಗೆ ಮತ್ತು ಅಲ್ಲಿಂದ ನೀರು ಹರಿದ ಸಾಲುಗಳಿಗೆ ಮಾತ್ರ ಹಾಕಿ ನೋಡಿ.